ಕಂಬದ ಮೇಲಿನ ನೀರಾನೆ

ಹಿಟ್ಟು ಇನ್ನೂ ನುಣ್ಣಗಾಗಿರಲಿಲ್ಲ. ಅರೆಯುವ ಕಲ್ಲಿನ ಮುಂದೆ ಮಂಡಿಯೂರಿ ಬೆಳಗಿನಿಂದ ಹಿಂದೆ ಮುಂದೆ ತೂಗುತ್ತಿದ್ದ ಹೆಮಿಗೆ ಅದು ಗೊತ್ತಿತ್ತು, ಆದರೂ ಕೈ ನಿಂತಿತು. ಕೈ ನಿಂತದ್ದೇ ಸದ್ದು ನಿಂತಿತು. ಸದ್ದು ನಿಂತದ್ದೇ ಜೊಂಡಿನ ತಟ್ಟಿಯ ಆಚೆಯಿಂದ ಅತ್ತೆಯ ಕೆಮ್ಮು ಕೇಳಿಸಿತು. ಆ ಕೆಮ್ಮಿನಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಹೆಮಿಗೆ ಅನ್ನಿಸಿತು. ಮಗು ಹೋದ ಮೇಲೆ ಅತ್ತೆ ಬೈಯುವುದನ್ನೇ ಬಿಟ್ಟಿದ್ದಳು. ಮೊದಲೆಲ್ಲ ಹಿಟ್ಟಿನಲ್ಲಿ ಮರಳು ಸಿಕ್ಕರೆ, ಸುಟ್ಟ ಮಡಕೆಯ ಅಂಚು ಸರಿಯಾಗಿ ಕಪ್ಪಾಗದಿದ್ದರೆ, ದನಗಳಿಗೆ ನೀರು ತಡವಾದರೆ, ‘ನಿಮ್ಮ ಕೆಳದಂಡೆಯವರ ಕೈಯೇ ಇಷ್ಟು’ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದವಳು ಈಗ ರೊಟ್ಟಿಯ ದೊಡ್ಡ ಚೂರನ್ನು ಸೊಸೆಯ ಕಡೆಗೇ ತಳ್ಳುತ್ತಿದ್ದಳು. ಮೀನಿನ ಹೊಟ್ಟೆಯ ಕೊಬ್ಬನ್ನು ಬೆರಳಿನಿಂದ ಬಿಡಿಸಿ ಅವಳ ಬಟ್ಟಲಿಗೆ ಹಾಕುತ್ತಿದ್ದಳು. ಅದು ತನ್ನದಲ್ಲದ ಪಾಲು ಎನ್ನಿಸಿ, ಅತ್ತೆ ಅತ್ತ ತಿರುಗಿದಾಗ ಹೆಮಿ ನಾಯಿಗೆ ಎಸೆಯುತ್ತಿದ್ದಳು.

“ಹೆಮಿ, ರೊಟ್ಟಿ ಆರ್ತಾ ಇದೆ. ಅವನಿಗೆ ಕೊಟ್ಟು ಬಾ,” ಎಂದಳು ಅತ್ತೆ.

ಅವನು ಎಂದರೆ ಖುವಿ, ಅತ್ತೆಯ ಒಡಹುಟ್ಟಿದ ಅಣ್ಣ. ಊರಿನ ಅಂಚಿನಲ್ಲಿ, ಕಪ್ಪು ನೆಲ ಮುಗಿದು ಕೆಂಪು ಮರಳು ಶುರುವಾಗುವಲ್ಲಿ ಗುಡಿಸಲು ಹಾಕಿಕೊಂಡು, ನೀರಾನೆಯ ಕೋರೆಹಲ್ಲಿನಲ್ಲಿ ಬೆರಳಿನ ಗೆಣ್ಣಿನಷ್ಟು ಪ್ರಾಣಿಗಳನ್ನು ಕೆತ್ತುತ್ತ ಮುದುಕನಾದವನು. ಈ ದಂಡೆಯಲ್ಲಿ ಖುವಿಯ ಕೈಯ ತಾಯಿತ ಕೊರಳಿಗೆ ಬೀಳದೆ ಯಾವ ಮಗುವಿಗೂ ಹೆಸರಿಡುತ್ತಿರಲಿಲ್ಲ. ಬೇಟೆಗೆ ಹೋಗುವವರಿಗೆ ಹುಲ್ಲೆಯ ತಲೆ, ದೋಣಿಯವರಿಗೆ ಹಕ್ಕಿ, ಮಕ್ಕಳಿಗೆ ಮಾತ್ರ ನೀರಾನೆ. ಮರಿಯ ಹತ್ತಿರ ಬಂದ ಮೊಸಳೆಯನ್ನು ತಾಯಿ ನೀರಾನೆ ಕಚ್ಚಿ ತುಂಡು ಮಾಡಿದ್ದನ್ನು ಎಲ್ಲರೂ ಕಂಡವರೇ. ಆ ಸಿಟ್ಟು ಅದರ ಹಲ್ಲಿನಲ್ಲಿ ಉಳಿದಿರುತ್ತದೆ, ಹಲ್ಲು ಮಗುವಿನ ಮೈಗೆ ತಾಗಿಕೊಂಡಿದ್ದರೆ ಜ್ವರವಾಗಲಿ ಚೇಳಾಗಲಿ ಹತ್ತಿರ ಸುಳಿಯುವುದಿಲ್ಲ ಎಂದು ನಂಬಿದವರೇ. ತಾಗಿಕೊಂಡಿದ್ದರೆ. ಅದೊಂದು ಮಾತು ಹೆಮಿಯ ಒಳಗೆ ಎಲ್ಲಿಯೋ ಸಿಕ್ಕಿಕೊಂಡು, ನುಂಗಿದ ಮೀನಿನ ಮುಳ್ಳಿನಂತೆ ಉಸಿರೆಳೆದಾಗಲೆಲ್ಲ ಚುಚ್ಚುತ್ತಿತ್ತು.

ರೊಟ್ಟಿಯನ್ನು ನಾರುಬಟ್ಟೆಯಲ್ಲಿ ಸುತ್ತಿಕೊಂಡು ಅವಳು ಹೊರಟಳು. ಹೊಳೆಯ ನೆರೆ ಇಳಿದು ಬಹಳ ಕಾಲವಾಗಿರಲಿಲ್ಲ. ಹೊಲದ ಕೆಸರು ಬಿರುಕು ಬಿಟ್ಟು, ಬಿರುಕಿನ ಅಂಚು ಒಣಗಿ ಮೇಲಕ್ಕೆ ಸುರುಳಿಯಾಗುತ್ತಿತ್ತು. ಅಂದು ಕೂಡ ಹೀಗೇ ಬಿಸಿಲು, ಹೀಗೇ ಬೆವರು. ಮಗಳು ಮೆಸು ತೊಡೆಯ ಮೇಲೆ ಹೊರಳಾಡಿ ಕಿರಿಕಿರಿ ಮಾಡುತ್ತಿದ್ದಳು. ಗದ್ದವನ್ನು ಎತ್ತಿ ನೋಡಿದರೆ ಕೊರಳಿನ ಮಡಿಕೆಯಲ್ಲಿ, ಸುರಿದ ಹಾಲೂ ಬೆವರೂ ಹುಳಿತು, ಆಡಿನ ತೊಗಲಿನ ಹುರಿ ಉಜ್ಜಿ ಉಜ್ಜಿ ಕೆಂಪನೆಯ ಗೆರೆ ಎದ್ದಿತ್ತು. ಹೆಮಿ ಹುರಿ ಬಿಚ್ಚಿ, ಹುಣ್ಣಿಗೆ ಹರಳೆಣ್ಣೆ ಸವರಿ, ತಾಯಿತವನ್ನು ತಟ್ಟಿಯ ಕಂಬದ ಗೂಟಕ್ಕೆ ಸಿಕ್ಕಿಸಿದಳು. ಎಣ್ಣೆ ಆರಲಿ, ಆಮೇಲೆ ಕಟ್ಟಿದರಾಯಿತು. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನೀರಿಗೆ ಹೋದಳು. ಹೊಳೆಯಲ್ಲಿ ಹೆಂಗಸರು ಊರಿನ ಹಿರಿಯ ವೆರ್ಕ ಹೊಸ ಚರ್ಮದ ಸೊಂಟಪಟ್ಟಿ ಸುತ್ತಿಕೊಂಡು ದೋಣಿ ಹತ್ತಲು ಹೋಗಿ, ದೋಣಿ ಸರಿದು, ಕಾಲು ಅಗಲವಾಗಿ, ಪಟ್ಟಿಯೊಂದು ಕಡೆ ತಾನೊಂದು ಕಡೆ ಬಿದ್ದದ್ದನ್ನು ಆಡಿ ತೋರಿಸುತ್ತಿದ್ದರು. ಹೆಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾಯಿ ನಗುವುದನ್ನು ಕಂಡು ಮೆಸುವೂ ಇನ್ನೂ ಹಲ್ಲು ಬಾರದ ವಸಡು ಬಿಟ್ಟು ನಕ್ಕಳು, ಅದನ್ನು ಕಂಡು ಎಲ್ಲರೂ ಮತ್ತೆ ನಕ್ಕರು. ಆ ನಗುವಿನಲ್ಲಿ ಹೊತ್ತು ಇಳಿದದ್ದೇ ತಿಳಿಯಲಿಲ್ಲ. ಮನೆಗೆ ಬಂದು ಮಗುವನ್ನು ಇಳಿಸುವಾಗ ಅದರ ಮೈ ತನ್ನ ಸೊಂಟವನ್ನು ಸುಡುತ್ತಿದೆ ಎಂದು ತಿಳಿದದ್ದು. ಕಂಬ ನೋಡಿದಳು. ನೀರಾನೆ ಅಲ್ಲೇ ನೇತಾಡುತ್ತಿತ್ತು, ಗಾಳಿಗೆ ಮೆಲ್ಲಗೆ ತಿರುಗುತ್ತ. ಯಾರೂ ಇಲ್ಲವೆಂದು ಅತ್ತಿತ್ತ ನೋಡಿ ಕಟ್ಟಿದಳು. ಕಟ್ಟುವಾಗ ತನ್ನ ಕೈ ಕಳ್ಳನ ಕೈಯಂತೆ ಚುರುಕಾಗಿತ್ತು, ಅದೂ ನೆನಪಿದೆ.

ಜ್ವರ ಬಿಡಲೇ ಇಲ್ಲ. ಮಗುವನ್ನು ಮರಳಿಗೆ ಒಯ್ಯುವ ಮುನ್ನ ಅತ್ತೆ ತಾನೇ ಅದರ ಕೊರಳಿನ ಹುರಿಯನ್ನು ಹಲ್ಲಿನಿಂದ ಕಡಿದು, ಖುವಿಯ ಗುಡಿಸಲಿಗೆ ನಡೆದು, ಎಲ್ಲರೂ ನೋಡುತ್ತಿದ್ದಂತೆ ಅಣ್ಣನ ಮಡಿಲಿಗೆ ಎಸೆದಿದ್ದಳು. “ನಿನ್ನ ಹಲ್ಲು ನೀನೇ ಇಟ್ಕೊ. ಕಾಯೋಕಾಗದ ಮೇಲೆ ಯಾಕೆ ಕೊಟ್ಟೆ?” ಮೆಸುವನ್ನು ಮೊಣಕಾಲು ಮಡಿಸಿ, ಮುಳುಗುವ ಸೂರ್ಯನ ಕಡೆಗೆ ಮುಖ ಮಾಡಿ, ಆಡಿನ ಚರ್ಮದಲ್ಲಿ ಸುತ್ತಿ ಮಲಗಿಸಿದಾಗ ಕೊರಳು ಬರಿದಾಗಿತ್ತು. ಆ ಕೆಂಪು ಗೆರೆ ಮಾತ್ರ ಇತ್ತು. ಅಲ್ಲಿಂದ ಮುಂದೆ ಒಬ್ಬೊಬ್ಬರೇ ತಾಯಂದಿರು ತಮ್ಮ ಮಕ್ಕಳ ಕೊರಳಿನಿಂದ ಬಿಚ್ಚಿ ತಂದು ಖುವಿಯ ಬಾಗಿಲಲ್ಲಿ ಹಾಕಿ ಹೋದರು. ಕೆಲವರು ಕೈಯಿಂದ ಇಟ್ಟರು. ಕೆಲವರು ದೂರದಿಂದ ಎಸೆದರು.

ಖುವಿ ಗುಡಿಸಲಿನ ನೆರಳಿನಲ್ಲಿ ಕೂತಿದ್ದ. ಅವನ ಮುಂದೆ ಚಾಪೆಯ ಮೇಲೆ ಆ ನೀರಾನೆಗಳೆಲ್ಲ ಸಾಲಾಗಿದ್ದವು. ಕೆಲವು ಹಳದಿಗಟ್ಟಿದ್ದವು, ಕೆಲವು ಮಕ್ಕಳ ಮೈಯ ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ್ದವು. ಅವನು ಒಂದೊಂದನ್ನೇ ಎತ್ತಿ ಹೆಬ್ಬೆರಳಿನಿಂದ ಅದರ ಬೆನ್ನು ಸವರಿ, ತಿರುಗಿಸಿ, ಹೊಟ್ಟೆ ನೋಡಿ ಕೆಳಗಿಡುತ್ತಿದ್ದ. ದಿನವೂ ರೊಟ್ಟಿ ತಂದಿಡುವಾಗ ಅವನು ಮಾತಾಡುತ್ತಿರಲಿಲ್ಲ. ಇಂದು ತಲೆ ಎತ್ತಿ, “ಕೂತ್ಕೊ ಮಗಳೇ,” ಎಂದ.

ಹೆಮಿ ಕೂತಳು. ಎದ್ದು ಹೋಗಲು ಸುಲಭವಾಗುವಂತೆ ಕುಕ್ಕರುಗಾಲಲ್ಲಿ ಕೂತಳು.

“ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡ. ಅವತ್ತು ಅದು ಕೊರಳಲ್ಲೇ ಇತ್ತಲ್ವಾ?”

“ಇತ್ತು ಮಾವ.” ಮಾತು ತಾನಾಗಿಯೇ ಬಂದುಬಿಟ್ಟಿತು; ಯಾರೋ ತನ್ನ ಬಾಯಿಯಲ್ಲಿ ಮೊದಲೇ ಇಟ್ಟು ಹೋಗಿದ್ದಂತೆ.

“ಹಂಗೇ ಇರಬೇಕು,” ಎಂದು ಮುದುಕ ತಲೆಯಾಡಿಸಿದ. ಅವನ ಮುಖದಲ್ಲಿ ನೋವಿಗಿಂತ ಲೆಕ್ಕ ಸರಿಹೋದ ಸಮಾಧಾನವೇ ಹೆಚ್ಚಾಗಿ ಕಂಡು ಹೆಮಿಗೆ ಭಯವಾಯಿತು. “ಆ ಹಲ್ಲು ಯಾವುದು ಗೊತ್ತಾ? ಜೊಂಡಿನ ಮಡುವಲ್ಲಿ ಹುಡುಗರು ನೀರಾನೆ ಹೊಡೆದ್ರಲ್ಲ, ಅದರದ್ದು. ಹೊಟ್ಟೆ ಸೀಳಿದಾಗ ಒಳಗೆ ಮರಿ ಇತ್ತು. ನಾನು ಪಕ್ಕದಲ್ಲೇ ನಿಂತಿದ್ದೆ, ನೋಡಿದೆ. ನೋಡಿದ ಮೇಲೂ ಹಲ್ಲು ತಗೊಂಡೆ. ಅಷ್ಟು ಬೆಳ್ಳಗೆ, ಒಂದು ಬಿರುಕಿಲ್ಲ... ಆಸೆ ಆಯ್ತು. ತನ್ನ ಮರೀನ ಹೊಟ್ಟೇಲಿಟ್ಕೊಂಡು ಸತ್ತವಳು ಇನ್ನೊಬ್ಬಳ ಮರಿ ಕಾಯ್ತಾಳಾ ಹೇಳು?”

ಇಲ್ಲ ಮಾವ, ಅದು ಕಂಬದ ಮೇಲಿತ್ತು ಎಂದರೆ ಮುಗಿಯುತ್ತಿತ್ತು. ಆದರೆ ಹೆಮಿಯ ಒಳಗೆ ಯಾವುದೋ ಒಂದು ಕಿವಿ ಈ ಕಥೆಯನ್ನು ಹಸಿದವರಂತೆ ಕೇಳುತ್ತಿತ್ತು. ಹೌದಲ್ಲ, ಆ ಹಲ್ಲೇ ಕೆಟ್ಟದ್ದಿರಬಹುದಲ್ಲ, ಕಟ್ಟಿದ್ದರೂ ಸಾಯುತ್ತಿತ್ತೇನೋ. ಹಾಗೆ ಒಂದು ಗಳಿಗೆ ಹಗುರಾದಳು. ಹಗುರಾದದ್ದು ತಿಳಿದ ಕೂಡಲೇ ಹೇಸಿಗೆಯಾಯಿತು. ಮುದುಕ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಮುಂದಿನ ಹಲ್ಲುಗಳಿಲ್ಲದ ಬಾಯಿಯಲ್ಲಿ ರೊಟ್ಟಿ ಅತ್ತಿಂದಿತ್ತ ಹೊರಳುತ್ತಿತ್ತು.

“ಕೆತ್ತೋ ಚಕಮಕಿ ಕಲ್ಲುಗಳನ್ನೆಲ್ಲ ಹೊಳೆಗೆ ಹಾಕಿಬಿಟ್ಟೆ. ಒಪ್ಕೊಂಡ ಮೇಲೆ ನಿದ್ದೆ ಬರ್ತಾ ಇದೆ,” ಎಂದ. ನಂತರ ಏನೋ ನೆನಪಾದವನಂತೆ, “ಇವತ್ತು ಮಧ್ಯಾಹ್ನ ಜಾಲಿ ಮರದ ಕೆಳಗೆ ಬಾ ಅಂದಿದ್ದಾರೆ ನನ್ನನ್ನ,” ಎಂದ.

ಯಾಕೆ ಎಂದು ಅವಳು ಕೇಳಲಿಲ್ಲ. ಊರಿಗೆಲ್ಲ ಗೊತ್ತಿತ್ತು. ನಾದಿನಿ ತೆತ್ಕಾ ಹೆತ್ತು ಕೂತಿದ್ದಳು. ಗಂಡು ಮಗು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ತೆತ್ಕಾಳ ಗಂಡ ಮೇಲಿನ ಊರಿನ ಕೆತ್ತನೆಯವನಿಂದ ಬೇರೆ ತಾಯಿತ ತರಿಸಿದ್ದ, ಆದರೆ ಖುವಿಯ ಕಣ್ಣು ಬೀಳುವ ದಂಡೆಯಲ್ಲಿ ಅದನ್ನು ಕಟ್ಟಲು ತೆತ್ಕಾ ಒಪ್ಪುತ್ತಿರಲಿಲ್ಲ. “ಅವನು ಇಲ್ಲಿಂದ ಹೋಗಲಿ, ಆಮೇಲೆ ಕಟ್ತೀನಿ. ಇಲ್ಲಾಂದ್ರೆ ನಾನೇ ಮಗೂನ ಎತ್ಕೊಂಡು ಹೋಗ್ತೀನಿ,” ಎಂದು ಹಾಸಿಗೆಯಿಂದಲೇ ಹಟ ಹಿಡಿದಿದ್ದಳು. ಸೋದರಮಾವ ಎನ್ನುವುದನ್ನು ಅವಳು ಮರೆತಿದ್ದಳು, ಅಥವಾ ಹೆತ್ತ ಹೆಂಗಸಿಗೆ ಅದನ್ನು ನೆನಪಿಡುವ ಹಂಗಿರಲಿಲ್ಲ.

ಜಾಲಿಯ ನೆರಳು ತೆಳ್ಳಗಿತ್ತು. ಗಂಡಸರು ನೆರಳಿನಲ್ಲಿ, ಹೆಂಗಸರು ಅದರ ಅಂಚಿನ ಬಿಸಿಲಿನಲ್ಲಿ ಕೂತಿದ್ದರು. ವೆರ್ಕ ಕಣ್ಣಿಗೆ ಹಸಿರು ಕಲ್ಲಿನ ಕಾಡಿಗೆ ಬಳಿದುಕೊಂಡು ಬಂದಿದ್ದ. ಬೆವರಿಗೆ ಹಸಿರು ಕರಗಿ ಒಂದು ಕೆನ್ನೆಯ ಮೇಲೆ ಇಳಿದಿತ್ತು. ಆ ಗೆರೆಯನ್ನೇ ನೋಡುತ್ತ ಹೆಮಿಗೆ ದೋಣಿಯಿಂದ ಬಿದ್ದ ವೆರ್ಕ ನೆನಪಾಗಿ, ನಗು ಬರುತ್ತದೇನೋ ಎಂದು ಹೆದರಿ ಕೆಳತುಟಿ ಕಚ್ಚಿಕೊಂಡಳು. ಖುವಿ ಎಲ್ಲರ ನಡುವೆ ನಿಂತಿದ್ದ. ಕೂರಲು ಯಾರೂ ಹೇಳಿರಲಿಲ್ಲ.

“ಮಾವನ ನೀರಾನೆಗೆ ಈಜೋದೇ ಮರೆತುಹೋಗಿದೆ ಅಂತಾರಲ್ಲ,” ಎಂದು ಹಿಂದಿನಿಂದ ಯಾರೋ ಒಬ್ಬ ಎಂದ. ಕೆಲವರು ಮೂಗಿನಲ್ಲಿ ನಕ್ಕರು.

“ತಮಾಷೆ ಸಾಕು,” ಎಂದ ವೆರ್ಕ. “ನೋಡು ಖುವಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಕೊರಳಲ್ಲೂ ನೀನು ಕೆತ್ತಿದ್ದೇ ಇತ್ತು. ಆದ್ರೆ ಹೆಂಗಸರು ಹೆದರಿದ್ದಾರೆ. ಹೆತ್ತವರ ಹಾಲು ಬತ್ತುತ್ತೆ ಅಂತಾರೆ. ಕೆಳದಂಡೆಯಲ್ಲಿ ನಿನ್ನ ಮಗಳಿದ್ದಾಳೆ. ಹೋಗಿ ಅವಳ ಹತ್ರ ಇರು. ದೋಣಿ ನಾವು ಕೊಡ್ತೀವಿ.”

“ಆಗಲಿ,” ಎಂದ ಖುವಿ.

ಇಷ್ಟೇ ಆಗಿತ್ತು. ಎಲ್ಲರೂ ಎದ್ದು ಮೈಯ ಮರಳು ಕೊಡವಿಕೊಳ್ಳುವುದರಲ್ಲಿದ್ದರು. ಅಷ್ಟರಲ್ಲಿ ಹೆಮಿ ನಿಂತಿದ್ದಳು. ತಾನು ನಿಂತದ್ದು ಅವಳಿಗೆ ಇತರರ ಕಣ್ಣುಗಳಿಂದ ತಿಳಿಯಿತು. ಮಾತು ಹೊರಬರುವ ಮೊದಲೇ ತನ್ನ ದನಿ ತೀರ ಸಣ್ಣದೆಂದು ಅವಳಿಗೆ ನಾಚಿಕೆಯಾಯಿತು.

“ಅವತ್ತು ಅದು ಮಗುವಿನ ಕೊರಳಲ್ಲಿ ಇರಲಿಲ್ಲ. ಹುರಿ ಕಚ್ಚಿ ಹುಣ್ಣಾಗಿತ್ತು. ನಾನೇ ಬಿಚ್ಚಿ ಕಂಬಕ್ಕೆ ಹಾಕಿದ್ದೆ. ಹೊಳೆಗೆ ಹೋಗಿ ಮರೆತೆ. ಜ್ವರ ಬಂದ ಮೇಲೆ ಕಟ್ಟಿದೆ. ಮಾವನ ತಪ್ಪಿಲ್ಲ.”

ಅವಳು ಇದನ್ನು ಎಷ್ಟೋ ಸಲ ಅರೆಯುವ ಕಲ್ಲಿನ ಮುಂದೆ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಆಗೆಲ್ಲ ಇದಾದ ಮೇಲೆ ಕೂಗೆದ್ದಿತ್ತು, ಯಾರೋ ಜುಟ್ಟು ಹಿಡಿದು ಎಳೆದಿದ್ದರು, ಗಂಡ ಸಬು ಕೈ ಎತ್ತಿದ್ದ, ತವರಿನ ದಾರಿಯಲ್ಲಿ ಅವಳು ಒಬ್ಬಳೇ ನಡೆಯುತ್ತಿದ್ದಳು. ಆ ಹೊಡೆತಗಳಿಗೆ ಮೈ ಸಿದ್ಧವಾಗಿತ್ತು. ಆದರೆ ಜಾಲಿಯ ಕೆಳಗೆ ಯಾರೂ ಕೂಗಲಿಲ್ಲ. ಎದುರಿಗಿದ್ದ ಮುದುಕಿಯೊಬ್ಬಳು ತಲೆಯನ್ನು ಒಂದು ಕಡೆ ವಾಲಿಸಿ, “ಅಯ್ಯೋ ಪಾಪ,” ಎಂದಳು. ಆ ಪಾಪ ಎನ್ನುವುದು ಒಬ್ಬರಿಂದ ಒಬ್ಬರಿಗೆ ಹಬ್ಬಿತು. “ಎಂಥಾ ಮನಸ್ಸು ನೋಡು ಅವಳದ್ದು.” “ಮುದುಕನ್ನ ಉಳಿಸೋಕೆ ಹೆತ್ತ ಮಗೂನ ಸಾವನ್ನೇ ತಲೆ ಮೇಲೆ ಹಾಕ್ಕೊಳ್ತಾ ಇದ್ದಾಳೆ.” ಸಬು ಬಂದು ಅವಳ ಮಣಿಕಟ್ಟು ಹಿಡಿದುಕೊಂಡ. ಅವನ ಹಿಡಿತ ಮೆತ್ತಗಿತ್ತು, ಬೆದರಿದ ಕರುವನ್ನು ಹಿಡಿಯುವ ಹಾಗೆ. “ಕೂತ್ಕೊ. ಸಾಕು,” ಎಂದ.

“ನಿಜ ಹೇಳ್ತಾ ಇದ್ದೀನಿ,” ಎಂದು ಹೆಮಿ ಈ ಬಾರಿ ಕಿರುಚಿದಳು. “ಅತ್ತೆ, ನೀವಾದ್ರೂ ಹೇಳಿ. ನಾನು ಸುಳ್ಳು ಹೇಳ್ತೀನಾ?”

ಅತ್ತೆ ಎದ್ದಳು. ಅಣ್ಣನನ್ನು ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ವೆರ್ಕನ ಕೆನ್ನೆಯ ಹಸಿರು ಗೆರೆಯನ್ನು ನೋಡುತ್ತ ಹೇಳಿದಳು. “ಕೊರಳಲ್ಲೇ ಇತ್ತು. ನಾನೇ ನೋಡಿದ್ದೀನಿ. ಮಗು ಹೋದಾಗಿಂದ ಇವಳಿಗೆ ತಲೆ ನೆಟ್ಟಗಿಲ್ಲ. ಊಟ ನಾಯಿಗೆ ಹಾಕ್ತಾಳೆ. ಅವಳ ಮಾತು ಯಾರೂ ಮನಸ್ಸಿಗೆ ಹಾಕ್ಕೋಬೇಡಿ.”

ನಾಯಿಗೆ ಹಾಕಿದ್ದು ಅತ್ತೆಗೆ ಗೊತ್ತಿತ್ತು. ಅಷ್ಟು ಹೊತ್ತಿನಲ್ಲೂ ಹೆಮಿಯ ಮನಸ್ಸು ಆ ಸಣ್ಣ ಅವಮಾನವನ್ನೇ ಹಿಡಿದುಕೊಂಡಿತು. ದೊಡ್ಡದರ ಕಡೆಗೆ ತಿರುಗಲು ಅದಕ್ಕೆ ಧೈರ್ಯವಿರಲಿಲ್ಲ. ಹೆಂಗಸರು ಅವಳ ಬೆನ್ನು ಸವರುತ್ತಿದ್ದರು. ಯಾರೋ ಅವಳ ಬಾಯಿಗೆ ಜವೆಯ ಹೆಂಡದ ಬಟ್ಟಲು ಹಿಡಿದರು. ಹುಳಿ ಹೆಂಡ ಗದ್ದದ ಮೇಲೆ ಚೆಲ್ಲಿ ಎದೆಗೆ ಇಳಿಯಿತು. ಇಷ್ಟು ಜನ ಇಷ್ಟು ಪ್ರೀತಿಯಿಂದ ತನ್ನನ್ನು ಎಂದೂ ಮುಟ್ಟಿರಲಿಲ್ಲ. ಕೆಳದಂಡೆಯಿಂದ ಬಂದವಳೆಂದು ನೀರಿನ ಸಾಲಿನಲ್ಲಿ ಹಿಂದೆ ತಳ್ಳುತ್ತಿದ್ದ ಕೈಗಳೇ ಇವು. ಅವಳಿಗೆ ಆ ಕೈಗಳನ್ನೆಲ್ಲ ಕಚ್ಚಬೇಕು ಎನ್ನಿಸಿತು.

ದೋಣಿಯನ್ನು ಅಂದೇ ಕೊಟ್ಟರು. ಹೊಸ ಜೊಂಡಿನದು, ಇನ್ನೂ ಹಸಿರು ಬಣ್ಣವಿದ್ದದ್ದು. ಊರು ತನ್ನ ಕಡೆಯಿಂದ ಕಡಿಮೆ ಮಾಡಲಿಲ್ಲ. ದೋಣಿ ನಡೆಸಲು ಸಬುವೇ ಹೊರಟ. ಖುವಿ ಒಂದು ಚಾಪೆ, ಒಂದು ಮಡಕೆ, ಹೊದೆಯುವ ಚರ್ಮ ಇಷ್ಟನ್ನೇ ತಂದಿದ್ದ. ಹಿಂತಿರುಗಿ ಬಂದ ತಾಯಿತಗಳನ್ನು ಏನು ಮಾಡಿದನೆಂದು ಯಾರೂ ಕೇಳಲಿಲ್ಲ. ದಂಡೆಗೆ ಬಂದವರು ಹೆಮಿ ಮತ್ತು ಅತ್ತೆ ಇಬ್ಬರೇ. ಅತ್ತೆ ದೂರದಲ್ಲಿ, ಕೆಸರು ಗಟ್ಟಿಯಾದ ಕಡೆ ಕುಕ್ಕರಿಸಿದಳು. ಹೆಮಿ ನೀರಿಗಿಳಿದು, ಮೊಣಕಾಲಿನವರೆಗಿನ ನೀರಿನಲ್ಲಿ ನಿಂತು ದೋಣಿಯ ಅಂಚು ಹಿಡಿದುಕೊಂಡಳು.

“ಮಾವ, ನಾನು ಮರದ ಕೆಳಗೆ ಹೇಳಿದ್ದು ನಿಜ. ಬೆಳಿಗ್ಗೆ ನಿಮಗೆ ಹೇಳಿದ್ದೇ ಸುಳ್ಳು.”

ಮುದುಕ ಅವಳ ತಲೆಯ ಮೇಲೆ ಕೈಯಿಟ್ಟ. ಆ ಕೈ ಹಗುರಾಗಿತ್ತು, ದಂತದ ಪುಡಿ ಕೂತು ಕೂತು ಬೆರಳ ಗೆರೆಗಳೆಲ್ಲ ಬೆಳ್ಳಗಾಗಿದ್ದವು. “ನೀನು ಒಳ್ಳೆಯವಳು. ನನ್ನ ತಂಗಿಗೆ ಇಂಥ ಸೊಸೆ ಸಿಕ್ಕಿದಳಲ್ಲ, ಅಷ್ಟು ಸಾಕು.”

“ಒಳ್ಳೆಯವಳಲ್ಲ ಮಾವ. ನಂಬಿ. ಕಂಬದ ಮೇಲಿತ್ತು ಅದು.”

ಖುವಿಯ ಮುಖ ಒಂದು ಕ್ಷಣ ಗಟ್ಟಿಯಾಯಿತು. ಅವನು ಅವಳ ಕಣ್ಣನ್ನೇ ನೋಡಿದ, ಕೆತ್ತುವ ಮೊದಲು ಹಲ್ಲಿನಲ್ಲಿ ಬಿರುಕು ಹುಡುಕುತ್ತಿದ್ದ ಹಾಗೆ. ಕಂಡಿತೇನೋ. ಆದರೆ ಅವನು ಕಣ್ಣು ಸರಿಸಿಕೊಂಡ. “ಬೇಡ ಹೆಮಿ,” ಎಂದ ತಗ್ಗಿದ ದನಿಯಲ್ಲಿ. “ನಿನ್ನ ಮಾತು ನಿಜ ಆದ್ರೆ ನಾನು ಸುಮ್ಮಸುಮ್ಮನೆ ಕಲ್ಲು ನೀರಿಗೆ ಹಾಕಿದ ಹಾಗಾಯ್ತು. ಸುಮ್ಮಸುಮ್ಮನೆ ಹೊರಟ ಹಾಗಾಯ್ತು. ಈ ವಯಸ್ಸಲ್ಲಿ ಅದನ್ನ ಹೊರೋಕೆ ನನ್ನ ಕೈಲಾಗಲ್ಲ. ನನ್ನ ಕೈ ತಪ್ಪು ಮಾಡ್ತು ಅಂತಾನೇ ಇರಲಿ. ದೋಣಿ ಬಿಡು.”

ಅವಳು ಬಿಡಲಿಲ್ಲ. ಸಬು ಕೋಲಿನಿಂದ ನೆಲ ಒತ್ತಿದಾಗ ದೋಣಿ ತಾನೇ ಅವಳ ಬೆರಳುಗಳಿಂದ ಬಿಡಿಸಿಕೊಂಡು ಹೋಯಿತು. ಜೊಂಡಿನ ಸೀಳು ಅಂಗೈಯನ್ನು ಕೊಯ್ದಿತ್ತು. ರಕ್ತ ನೀರಿಗೆ ತೊಟ್ಟಿಕ್ಕುವುದನ್ನು ಅವಳು ನೋಡಿದಳು. ಮೊಸಳೆ ಬರಬಹುದೆಂದು ಗೊತ್ತಿದ್ದೂ ಅಲ್ಲೇ ನಿಂತಳು. ಹರಿವು ದೋಣಿಯನ್ನು ಹಿಡಿದುಕೊಂಡಿತು. ಖುವಿ ಬೆನ್ನು ಮಾಡಿ ಕೂತಿದ್ದ. ಮಡುವಿನ ತಿರುವಿನಲ್ಲಿ ಒಮ್ಮೆ ಕೆಮ್ಮಿದ್ದು ಕೇಳಿಸಿತು. ತಂಗಿಯ ಕೆಮ್ಮಿನಂತೆಯೇ ಇತ್ತು ಅದು. ಆಮೇಲೆ ಜೊಂಡು ಅಡ್ಡ ಬಂತು.

“ಮೇಲೆ ಬಾ,” ಎಂದಳು ಅತ್ತೆ.

ಹೆಮಿ ಬಂದು, ಒದ್ದೆ ಕಾಲಿಗೆ ಮರಳು ಮೆತ್ತಿಕೊಂಡು ಅವಳ ಎದುರು ನಿಂತಳು. ಅತ್ತೆ ಹೊಳೆಯನ್ನೇ ನೋಡುತ್ತಿದ್ದಳು. ಹಿಟ್ಟಿನ ಲೆಕ್ಕ ಹೇಳುವ ದನಿಯಲ್ಲೇ ಹೇಳಿದಳು.

“ನಾನು ನೋಡಿದ್ದೆ.”

“ಏನನ್ನ?”

“ಕಂಬದ ಮೇಲೆ. ನೀನು ಹೊಳೆಗೆ ಹೋದ ಮೇಲೆ. ತಗೊಂಡು ಬಂದು ಕಟ್ಟೋಣ ಅಂತ ಕೈ ಚಾಚಿದೆ. ಆಮೇಲೆ ಬೇಡ ಅನ್ನಿಸ್ತು. ಬರಲಿ, ಮಗುವಿನ ಕೊರಳು ಬರಿದಾಗಿರೋದು ಅವಳೇ ನೋಡಲಿ, ಸ್ವಲ್ಪ ಹೆದರಲಿ, ಬುದ್ಧಿ ಬರಲಿ ಅಂತ ಅಲ್ಲೇ ಬಿಟ್ಟೆ. ಹೊಳೆಯಿಂದ ನಿಮ್ಮ ನಗು ಕೇಳ್ತಾ ಇತ್ತು. ಅದಕ್ಕೂ ಸಿಟ್ಟು ಬಂತು ನನಗೆ.”

ದಂಡೆಯ ಕೆಸರಿನ ಮೇಲೆ ಬೆಳ್ಳಕ್ಕಿಯೊಂದು ಕಾಲೆತ್ತಿ ಇಡುತ್ತ ನಡೆಯುತ್ತಿತ್ತು. ಹೆಮಿ ಅದರ ಕಾಲನ್ನು ನೋಡಿದಳು. ಈ ಮುದುಕಿಯ ಕುತ್ತಿಗೆಯನ್ನು ಹಿಡಿದು ನೀರಿನಲ್ಲಿ ಅದುಮಬೇಕು ಎನ್ನಿಸಿತು. ಅದೇ ಉಸಿರಿನಲ್ಲಿ, ಇಷ್ಟು ದಿನ ತಾನು ಒಬ್ಬಳೇ ಇದ್ದ ಕತ್ತಲ ಕೋಣೆಯಲ್ಲಿ ಇನ್ನೊಬ್ಬರ ಉಸಿರು ಕೇಳಿಸಿದಂತಾಯಿತು. ಬಟ್ಟಲಿಗೆ ಬೀಳುತ್ತಿದ್ದ ಮೀನಿನ ಕೊಬ್ಬು, ಬೈಗುಳವಿಲ್ಲದ ಬೆಳಗುಗಳು, ಎಲ್ಲ ಯಾಕೆಂದು ಈಗ ತಿಳಿಯಿತು.

“ಮತ್ತೆ ಅಲ್ಲಿ ಯಾಕೆ ಹಾಗೆ ಹೇಳಿದ್ರಿ? ನಿಮ್ಮಣ್ಣ ಅಲ್ವಾ ಅವರು?”

“ಅಣ್ಣನೇ. ಅಮ್ಮ ಸತ್ತ ಮೇಲೆ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಬೆಳೆಸಿದವನು.” ಅತ್ತೆ ಕೆಸರಿನ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡಿದಳು. “ನಿಜ ಅಂದಿದ್ರೆ ನಿನ್ನನ್ನ ಕಳಿಸ್ತಿದ್ರು. ನಿನ್ನನ್ನ ಕಳಿಸಿದ್ರೆ ಸಬು ಉಳಿಯಲ್ಲ. ಇನ್ನೊಂದೂ ಇದೆ. ನೀನು ಬಾಯಿ ಬಿಟ್ಟ ಮೇಲೆ ನಾನೂ ಬಿಡಬೇಕಾಗ್ತಿತ್ತಲ್ಲ. ನನಗೆ ಆಗಲಿಲ್ಲ ಹೆಮಿ. ನಿನ್ನಷ್ಟು ಗಟ್ಟಿ ಇಲ್ಲ ನಾನು.”

ಊರಿನ ಕಡೆಯಿಂದ ತೆತ್ಕಾಳ ಮಗು ಅಳುವುದು ಕೇಳಿಸಿತು. ಹಸಿವಿನ ಅಳು, ಬೆನ್ನಹಿಂದೆಯೇ ಹೆಂಗಸರ ಗಲಾಟೆ. ಖುವಿಯ ದೋಣಿ ಹೋಯಿತೆಂದು ತಿಳಿದು ಹೆಸರಿಡಲು ಒಟ್ಟಾಗುತ್ತಿದ್ದರೇನೋ. ಅತ್ತೆ ಕಣ್ಣೊರೆಸಿಕೊಂಡಳು. ಏಳಲು ನೋಡಿದಳು, ಬಹಳ ಹೊತ್ತು ಕುಕ್ಕರಿಸಿದ್ದರಿಂದ ಮೊಣಕಾಲು ಮಾತು ಕೇಳಲಿಲ್ಲ. ಒಂದು ಕೈಯನ್ನು ನೆಲಕ್ಕೆ ಊರಿ, ಇನ್ನೊಂದನ್ನು ಮುಂದೆ ಚಾಚಿ, ಮುಖ ಎತ್ತದೆ ಕಾದಳು.

ಹೆಮಿ ಆ ಕೈಯನ್ನು ನೋಡುತ್ತ ನಿಂತಳು. ಬೆಳ್ಳಕ್ಕಿ ಹಾರಿಹೋಯಿತು. ಮಗುವಿನ ಅಳು ಜೋರಾಯಿತು. ಆಮೇಲೆ ಹೆಮಿ, ಕೊಯ್ದಿದ್ದ ಅಂಗೈಯಿಂದಲೇ ಅದನ್ನು ಹಿಡಿದು, ಮುದುಕಿಯನ್ನು ಎಬ್ಬಿಸಿದಳು.